ಎರಡು ರಾತ್ರಿಯ ಋಣ

ದಾರಿಯಲ್ಲಿ ಸಿಗುವ ಊರೊಂದರಲ್ಲಿ, ಯಾವ ಕೆಲಸವೂ ಇಲ್ಲದೆ, ಎರಡು ದಿನ ಸುಮ್ಮನೆ ಇದ್ದು ಮುಂದಕ್ಕೆ ಹೋದವನಿಗೆ ಆ ಊರಿನ ಋಣ ಏನಾದರೂ ಉಳಿಯುತ್ತದೆಯೇ? ರೂಮಿನ ಬಾಡಿಗೆ ಕೊಟ್ಟಾಗಿದೆ. ತಿಂದ ದೋಸೆಗೆ, ಕುಡಿದ ಕಾಫಿಗೆ, ಹತ್ತಿದ ಬಸ್ಸಿಗೆ ದುಡ್ಡು ಕೊಟ್ಟಾಗಿದೆ. ಯಾರಿಗೂ ತೊಂದರೆ ಕೊಟ್ಟಿಲ್ಲ, ಯಾರ ಜೊತೆಗೂ ಜಗಳವಾಡಿಲ್ಲ. ಇಷ್ಟಾದ ಮೇಲೆ ಲೆಕ್ಕ ಚುಕ್ತಾ ಆಯಿತು ಎಂದುಕೊಂಡರೆ ತಪ್ಪೇನು?

ನೀತಿಯ ಪ್ರಶ್ನೆಗಳೆಂದರೆ ಸಾವು, ಯುದ್ಧ, ಸುಳ್ಳು, ದ್ರೋಹ ಎಂದು ಕಾಲೇಜಿನಲ್ಲಿ ಓದಿಕೊಂಡವರಿಗೆ ಇದು ತೀರಾ ಸಣ್ಣ ಪ್ರಶ್ನೆ ಅನ್ನಿಸಬಹುದು. ಆದರೆ ಯುದ್ಧದ ತೀರ್ಮಾನ ತೆಗೆದುಕೊಳ್ಳುವ ಸಂದರ್ಭ ನಮ್ಮಲ್ಲಿ ಯಾರಿಗೂ ಬರುವುದಿಲ್ಲ. ಇನ್ನೊಬ್ಬರ ಊರಿನಲ್ಲಿ ಎರಡು ರಾತ್ರಿ ಮಲಗಿ ಎದ್ದು ಬರುವ ಸಂದರ್ಭ ಎಲ್ಲರಿಗೂ ಬರುತ್ತದೆ. ಆದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

2025ರ ಜೂನಿನಲ್ಲಿ ಚಿತ್ತೂರಿನ ಕಡೆ ಒಂದು ಮದುವೆಗೆ ಹೋಗುವುದಿತ್ತು. ಬೆಂಗಳೂರಿನಿಂದ ಹೊರಟರೆ ನಾಲ್ಕೈದು ಗಂಟೆಯ ದಾರಿ. ಕೈಯಲ್ಲಿ ಮೂರು ದಿನ ರಜೆ ಇತ್ತು. ಕೋಲಾರದಲ್ಲಿ ಇಳಿದೆ. ಬೆಂಗಳೂರಿನ ಬಹುಪಾಲು ಜನರಿಗೆ ಕೋಲಾರ ಒಂದು ಊರಲ್ಲ, ದಾರಿ. ತಿರುಪತಿಗೆ ಹೋಗುವಾಗ, ಕಾಣಿಪಾಕಕ್ಕೆ ಹೋಗುವಾಗ, ವೆಲ್ಲೂರಿನ ಆಸ್ಪತ್ರೆಗೆ ಹೋಗುವಾಗ, ಚೆನ್ನೈಗೆ ಹೋಗುವಾಗ ಕಿಟಕಿಯ ಪಕ್ಕ ಹಿಂದಕ್ಕೆ ಸರಿಯುವ ಬೋಳು ಬಂಡೆಯ ಗುಡ್ಡಗಳು. ನಾನೂ ಹಾಗೆ ಹತ್ತಾರು ಸಲ ದಾಟಿದವನೇ. ಈ ಸಲ ಬಸ್ ಸ್ಟ್ಯಾಂಡಿನ ಹತ್ತಿರದ ಲಾಡ್ಜೊಂದರಲ್ಲಿ ಎರಡು ರಾತ್ರಿಗೆ ರೂಮು ಮಾಡಿದೆ. ನೋಡಲೇಬೇಕಾದ ಜಾಗಗಳ ಪಟ್ಟಿ ಏನನ್ನೂ ಮಾಡಿಕೊಂಡಿರಲಿಲ್ಲ.

ಮೊದಲ ದಿನ ಸಂಜೆ ಸೋಮೇಶ್ವರ ದೇವಸ್ಥಾನದ ಪ್ರಾಕಾರದಲ್ಲಿ ಕೂತಿದ್ದೆ. ವಿಜಯನಗರದ ಕಾಲದ ಕಲ್ಯಾಣಮಂಟಪ. ಕಂಬಗಳ ಮೇಲೆ ಕೆತ್ತಿದವರ ಕೈಗೆ ಬೇಸರವೇ ಬಂದಿಲ್ಲ. ಹತ್ತಿರದಲ್ಲೇ ಕೋಲಾರಮ್ಮನ ಗುಡಿ. ಅಲ್ಲಿ ಗೋಡೆಗಳ ಮೇಲೆ ಚೋಳರ ಕಾಲದ ತಮಿಳು ಶಾಸನಗಳು, ಒಳಗೆ ಚೇಳಿನ ಕಾಟದಿಂದ ಕಾಯುವ ಚೇಳಮ್ಮ. ಮಾರನೆಯ ದಿನ ಬೆಳಿಗ್ಗೆ ಶ್ರೀನಿವಾಸಪುರದ ಬಸ್ಸು ಹತ್ತಿ ಮಾವಿನ ಮಂಡಿಗಳ ಮುಂದೆ ಅಡ್ಡಾಡಿದೆ. ಸಂಜೆ ಶತಶೃಂಗ ಬೆಟ್ಟದ ಮೆಟ್ಟಿಲು ಹತ್ತಿ ಅಂತರಗಂಗೆಯಲ್ಲಿ ಕಲ್ಲು ಬಸವನ ಬಾಯಿಂದ ಬೀಳುವ ನೀರಿನ ಎದುರು ಕೂತೆ. ಮೂರನೆಯ ದಿನ ಮುಳಬಾಗಿಲಿನಲ್ಲಿ ಇಳಿದು ದೋಸೆ ತಿಂದು, ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನದ ಹತ್ತಿರ ನೆರಳಲ್ಲಿ ಮಧ್ಯಾಹ್ನ ಕಳೆದು, ಸಂಜೆಯ ಬಸ್ಸಿಗೆ ಗಡಿ ದಾಟಿದೆ. ನಡೆದದ್ದು ಇಷ್ಟೇ. ಇದರಲ್ಲಿ ಯಾವ ಸಾಹಸವೂ ಇಲ್ಲ. ಮನಸ್ಸು ಹಗುರವಾಗಿತ್ತು, ಅಷ್ಟೆ. ನನ್ನ ಪ್ರಶ್ನೆ ಈ ಹಗುರದ ಬಗ್ಗೆ. ಅದು ಎಲ್ಲಿಂದ ಬಂತು, ಅದರ ಭಾರವನ್ನು ಯಾರು ಹೊತ್ತರು?

ಲಾಡ್ಜಿನ ಹುಡುಗ ಮೊದಲ ದಿನವೇ ಹೇಳಿದ್ದ: "ಬಿಸಿನೀರು ಆರರಿಂದ ಎಂಟು ಸಾರ್. ಒಂದು ಬಕೆಟ್ ಸಾಲ್ದೆ ಹೋದ್ರೆ ಕೇಳಿ, ತಂದ್ಕೊಡ್ತೀನಿ. ಟ್ಯಾಂಕರ್ ನಾಳೆ ಬರ್ತದೆ." ಅವನ ದನಿಯಲ್ಲಿ ದೂರು ಇರಲಿಲ್ಲ. ಕೋಲಾರದಲ್ಲಿ ನೀರಿನ ಮಾತು ಹವಾಮಾನದ ಮಾತಿನ ಹಾಗೆ, ಎಲ್ಲರೂ ಆಡುತ್ತಾರೆ. ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆ ಇದು. ಇದ್ದ ಪಾಲಾರ್ ನದಿಯ ನೀರನ್ನು ಹಿಡಿದಿಟ್ಟುಕೊಳ್ಳುವುದಕ್ಕೂ 1892ರ ಮದರಾಸು–ಮೈಸೂರು ಒಪ್ಪಂದದ ಕಟ್ಟುಪಾಡು ಇತ್ತು. ಹಳಬರು ಕಟ್ಟಿದ ಸಾವಿರಾರು ಕೆರೆಗಳೇ ಇಲ್ಲಿನ ನದಿ. ಆ ಕೆರೆಗಳು ಹೂಳು ತುಂಬಿ ಒಣಗಿದ ಮೇಲೆ ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿದವು. 2018ರ ಜೂನಿನಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆನೀರು ಎರಡು ಹಂತದ ಶುದ್ಧೀಕರಣ ಮುಗಿಸಿಕೊಂಡು ಪೈಪಿನಲ್ಲಿ ಬಂದು ಲಕ್ಷ್ಮೀಸಾಗರ ಕೆರೆಗೆ ಬಿತ್ತು. ಅಲ್ಲಿಂದ ಕೆರೆಯಿಂದ ಕೆರೆಗೆ. ದಿನಕ್ಕೆ 44 ಕೋಟಿ ಲೀಟರ್ ಕೊಡುವ ಯೋಜನೆ ಅದು. ಅಂತರ್ಜಲ ಮೇಲೆ ಬಂತು ಎಂದು ಸಂತೋಷಪಡುವ ರೈತರೂ ಇದ್ದಾರೆ, ಮೂರನೆಯ ಹಂತದ ಶುದ್ಧೀಕರಣವಿಲ್ಲದೆ ಈ ನೀರನ್ನು ನಮ್ಮ ನೆಲದೊಳಕ್ಕೆ ಬಿಡಬೇಡಿ ಎಂದು ಕೋರ್ಟಿಗೆ ಹೋದವರೂ ಇದ್ದಾರೆ.

ಈಗ ಲೆಕ್ಕ ನೋಡಿ. ಬೆಂಗಳೂರಿನಲ್ಲಿ ನಾನು ಕಾವೇರಿ ನೀರಿನಲ್ಲಿ ಸ್ನಾನ ಮಾಡುತ್ತೇನೆ. ಆ ನೀರು ಚರಂಡಿ ಸೇರಿ, ಸೋಸಿಕೊಂಡು, ಕೋಲಾರಕ್ಕೆ ಬರುತ್ತದೆ. ಕೋಲಾರ ಬದಲಿಗೆ ಹಾಲು, ಟೊಮೇಟೊ, ಮಾವು ಕಳಿಸುತ್ತದೆ. ಆಮೇಲೆ ನಾನೇ ಖುದ್ದಾಗಿ ಕೋಲಾರಕ್ಕೆ ಬಂದು ಅಲ್ಲಿನ ಟ್ಯಾಂಕರಿನ ಒಳ್ಳೆಯ ನೀರಿನಲ್ಲಿ ಎರಡು ಸ್ನಾನ ಮಾಡಿ, "ಆಹಾ, ಎಷ್ಟು ನೆಮ್ಮದಿ" ಎನ್ನುತ್ತೇನೆ. ಇದು ಅಪರಾಧವಲ್ಲ. ಆದರೆ ಲೆಕ್ಕ ಚುಕ್ತಾ ಆಗಿದೆ ಎನ್ನುವುದು ಅಷ್ಟು ಸುಲಭವೂ ಅಲ್ಲ.

"ದುಡ್ಡು ಕೊಟ್ಟಿದ್ದೇನೆ, ಮುಗಿಯಿತು" ಎನ್ನುವ ವಾದವನ್ನು ನಾವು ಸಾಹಿತ್ಯದ ಜನ ಬೇಗ ತಳ್ಳಿಹಾಕುತ್ತೇವೆ. ಹಣದ ಸಂಬಂಧ ಒಣ ಸಂಬಂಧ, ಹಿಂದಿನ ಕಾಲದ ಆತಿಥ್ಯವೇ ದೊಡ್ಡದು ಎನ್ನುವುದು ನಮಗೆ ರೂಢಿ. ಆದರೆ ಈ ವಾದಕ್ಕೊಂದು ಗಟ್ಟಿ ನೆಲೆ ಇದೆ. ಹಿಂದಿನ ಆತಿಥ್ಯ ಎಲ್ಲರಿಗೂ ಇರಲಿಲ್ಲ. ಒಂದು ರಾತ್ರಿ ಮಾತ್ರ ತಂಗುವವನು, ನಿತ್ಯ ಇರದವನು ಅತಿಥಿ ಎಂದು ಮನುಸ್ಮೃತಿ ವಿವರಿಸುತ್ತದೆ. ಅದೇ ಉಸಿರಿನಲ್ಲಿ ಆ ಹೆಸರಿಗೆ ಅರ್ಹನಾದವನು ಬ್ರಾಹ್ಮಣ ಎಂದೂ ಹೇಳುತ್ತದೆ. ಹಳ್ಳಿಯ ಜಗುಲಿಯಲ್ಲಿ ನೀರು ಕೊಡುವ ಮೊದಲು "ಯಾವ ಕಡೆಯೋರು, ಯಾರ ಪೈಕಿ?" ಎಂದು ಕೇಳುವುದು ಬರೀ ಕುಶಲ ವಿಚಾರಿಸುವುದಲ್ಲ, ಎಲ್ಲಿ ಕೂರಿಸಬೇಕು, ಯಾವ ಲೋಟದಲ್ಲಿ ಕೊಡಬೇಕು ಎಂಬುದರ ವಿಚಾರಣೆ. ಆ ಪ್ರಶ್ನೆಗೆ ಅಂಜಿ ಬಾಯಾರಿಕೊಂಡೇ ಮುಂದೆ ನಡೆದವರು ಈ ಜಿಲ್ಲೆಯಲ್ಲಿ ಎಷ್ಟೋ ಜನ. ಲಾಡ್ಜಿನ ಮೇಜಿನ ಹಿಂದೆ ಕೂತವನು ನನ್ನನ್ನು ಕೇಳಿದ್ದು ಆಧಾರ್ ಕಾರ್ಡು ಮತ್ತು ಅಡ್ವಾನ್ಸು. ಅದರಾಚೆಗೆ ನಾನು ಯಾರೆಂಬುದು ಅವನಿಗೆ ಬೇಕಿರಲಿಲ್ಲ. ಮನೆಯ ಆತಿಥ್ಯ ಕೊಡಲಾರದ ಒಂದು ಸಮಾನತೆಯನ್ನು ಬಾಡಿಗೆಯ ರೂಮು ಕೊಡುತ್ತದೆ. ಹಣದ ಆತಿಥ್ಯವನ್ನು ಹೀಗಳೆಯುವವರು ಸಾಮಾನ್ಯವಾಗಿ ಮನೆಯ ಆತಿಥ್ಯ ಸುಲಭವಾಗಿ ಸಿಕ್ಕವರೇ ಆಗಿರುತ್ತಾರೆ.

ಹಾಗಾದರೆ ಹಣ ಕೊಟ್ಟಲ್ಲಿಗೆ ಮುಗಿಯಿತೇ? ಲಾಡ್ಜಿನವನ ಜೊತೆಗಿನ ವ್ಯವಹಾರ ಮುಗಿಯಿತು. ಆದರೆ ನನ್ನ ನೆಮ್ಮದಿಯ ಬಹುಪಾಲು ಲಾಡ್ಜಿನವನು ಮಾರಿದ್ದಲ್ಲ. ಸೋಮೇಶ್ವರನ ಪ್ರಾಕಾರದ ತಂಪು, ಅಂತರಗಂಗೆಯ ನೀರು, ನರಸಿಂಹತೀರ್ಥದ ನೆರಳು, ದಾರಿ ಕೇಳಿದರೆ ಹತ್ತು ಹೆಜ್ಜೆ ಜೊತೆಗೆ ಬಂದು ತೋರಿಸಿದ ಹೆಂಗಸು, "ಕೂತ್ಕೊಳ್ಳಣ್ಣ, ಬಸ್ಸು ಇನ್ನೂ ಅರ್ಧ ಗಂಟೆ" ಎಂದು ತನ್ನ ಗಾಡಿಯ ಪಕ್ಕ ಸ್ಟೂಲು ಎಳೆದುಕೊಟ್ಟ ಕಡಲೆಕಾಯಿ ಮಾರುವವನು, ಇವಕ್ಕೆ ಬಿಲ್ಲು ಇಲ್ಲ. ಬಿಲ್ಲು ಇಲ್ಲದ್ದರಿಂದಲೇ ಇವು ಸುಖ ಕೊಟ್ಟವು. ಊರೆಂದರೆ ಮಾರುವ ವಸ್ತುಗಳ ಮೊತ್ತವಲ್ಲ. ಮಾರದೆ ಬಿಟ್ಟಿರುವ ವಸ್ತುಗಳೂ ಸೇರಿ ಊರು. ಬಂದು ಹೋಗುವವನು ಹೆಚ್ಚಾಗಿ ಅನುಭವಿಸುವುದು ಈ ಎರಡನೆಯ ಭಾಗವನ್ನು.

ಇನ್ನೊಂದು ವಾದವಿದೆ. ಒಂದು ಊರಿಗೆ ಹೋದಮೇಲೆ ಅದನ್ನು ತಿಳಿದುಕೊಳ್ಳುವುದು ನಮ್ಮ ಕರ್ತವ್ಯ, ಸುಮ್ಮನೆ ಕೂತು ಬರುವುದು ಆ ಊರಿಗೆ ಮಾಡುವ ಅಗೌರವ ಎನ್ನುವುದು. ಇದನ್ನು ಒಪ್ಪಿದರೆ ಆವನಿಯ ನೊಳಂಬರ ಕಾಲದ ಗುಡಿಗಳನ್ನು ನೋಡದೆ, ಕುರುಡುಮಲೆಯ ಎತ್ತರದ ಗಣಪತಿಯನ್ನು ನೋಡದೆ, ಹೈದರ್ ಅಲಿ ಹುಟ್ಟಿದ ಬೂದಿಕೋಟೆಗೆ ಹೋಗದೆ ಬಂದ ನನ್ನಂಥವನು ಸೋಮಾರಿ. ಆದರೆ ತಿಳಿದುಕೊಳ್ಳಲೆಂದೇ ಬಂದವರ ಚರಿತ್ರೆಯೂ ಈ ನೆಲದಲ್ಲಿದೆ. ಅದನ್ನು ನೋಡಿದರೆ ಈ ವಾದ ಅಷ್ಟು ನಿಷ್ಕಲ್ಮಷವಾಗಿ ಉಳಿಯುವುದಿಲ್ಲ.

ಎಡಿನ್‌ಬರ್ಗಿನಲ್ಲಿ ವೈದ್ಯಶಾಸ್ತ್ರ ಓದಿದ ಸ್ಕಾಟ್ಲೆಂಡಿನವನೊಬ್ಬ, ಫ್ರಾನ್ಸಿಸ್ ಬುಕಾನನ್, 1800ರಲ್ಲಿ ಕೋಲಾರಕ್ಕೂ ಬಂದಿದ್ದ. ಟಿಪ್ಪು ಸತ್ತು ಒಂದು ವರ್ಷವಾಗಿತ್ತು. ಗೆದ್ದ ನಾಡಿನಲ್ಲಿ ಏನೇನಿದೆ ನೋಡಿಕೊಂಡು ಬಾ ಎಂದು ಗವರ್ನರ್ ಜನರಲ್ ವೆಲ್ಲೆಸ್ಲಿ ಅವನನ್ನು ಕಳಿಸಿದ್ದ. ಅವನು ಊರೂರಿನಲ್ಲಿ ಇಳಿದು ಯಾವ ಬೆಳೆ, ಯಾವ ಮಣ್ಣು, ಎಷ್ಟು ಕಂದಾಯ, ಯಾವ ನೇಗಿಲು, ಯಾವ ಜಾತಿ, ಏನು ಕಸುಬು ಎಂದು ಕೇಳಿ ಬರೆದುಕೊಂಡ. 1807ರಲ್ಲಿ ಅದು ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಅಚ್ಚಾಯಿತು. ಆ ಕಾಲದ ನಮ್ಮ ರೈತರ ಬದುಕನ್ನು ಇವತ್ತು ನಾವು ತಿಳಿಯಬೇಕಾದರೂ ಆ ಪುಸ್ತಕವನ್ನೇ ತೆಗೆಯಬೇಕು. ಅದರ ಉಪಕಾರ ಸಣ್ಣದಲ್ಲ. ಆದರೆ ಅವನು ಕೇಳಿದ ಪ್ರಶ್ನೆಗಳು ಕಂಪನಿಯ ಪ್ರಶ್ನೆಗಳು. ಉತ್ತರ ಕೊಟ್ಟವರಿಗೆ ಆ ಉತ್ತರ ಎಲ್ಲಿಗೆ ಹೋಗುತ್ತದೆ ಎಂಬುದು ಗೊತ್ತಿರಲಿಲ್ಲ.

ಎರಡು ವರ್ಷ ಬಿಟ್ಟು, 1802ರಲ್ಲಿ, ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರೆನ್ ಕೋಲಾರದ ಪೂರ್ವಕ್ಕೆ ಮಾರಿಕುಪ್ಪಂ, ಉರಿಗಾಂ ಕಡೆ ಬೀಡುಬಿಟ್ಟ. ಈ ನೆಲದಲ್ಲಿ ಚಿನ್ನವಿದೆ ಎಂಬ ಮಾತು ಅವನ ಕಿವಿಗೆ ಬಿತ್ತು. ತೋರಿಸಿದವರಿಗೆ ಬಹುಮಾನ ಎಂದ. ಹಳ್ಳಿಯವರು ಗಾಡಿಯಲ್ಲಿ ಮಣ್ಣು ತುಂಬಿಕೊಂಡು ಬಂದು ಅವನ ಕಣ್ಣೆದುರಿಗೇ ತೊಳೆದು ಚಿನ್ನದ ಕಣ ತೋರಿಸಿದರು. ಅವನ ವರದಿ ಕಾಗದದ ಮೇಲೆ ಉಳಿಯಿತು. ಅದನ್ನು ಓದಿದ ಮೈಕೆಲ್ ಲ್ಯಾವೆಲ್ 1871ರಲ್ಲಿ ಬೆಂಗಳೂರಿನಿಂದ ಹುಡುಕಿಕೊಂಡು ಬಂದ. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಗಣಿಗಾರಿಕೆಗೆ ಇಳಿಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಊರುಗಳನ್ನೆಲ್ಲ ದಾಟಿಕೊಂಡು ಮೊದಲು ಗಣಿಗೆ ಬಂತು. ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. 2001ರ ಫೆಬ್ರವರಿ 28ಕ್ಕೆ ಬಾಗಿಲು ಮುಚ್ಚಿತು. ಉಳಿದದ್ದು ಸಯನೈಡ್ ಬೆರೆತ ಬೂದುಬಣ್ಣದ ಮಣ್ಣಿನ ದಿಬ್ಬಗಳು ಮತ್ತು ಕೆಲಸ ಕಳಕೊಂಡ ಕುಟುಂಬಗಳು. ಬೀಡುಬಿಟ್ಟ ಪ್ರವಾಸಿಯೊಬ್ಬನ ಕುತೂಹಲದಿಂದ ಹೊರಟ ದಾರಿ ಇಲ್ಲಿಗೆ ಬಂದು ನಿಂತಿತು.

ಹಾಗೆಂದು ಕುತೂಹಲವೇ ಕೆಟ್ಟದ್ದು ಎನ್ನುತ್ತಿಲ್ಲ. ಊರನ್ನು ತಿಳಿದುಕೊಳ್ಳುವುದರಿಂದ ಮಾತ್ರ ಋಣ ತೀರುವುದಿಲ್ಲ ಎನ್ನುತ್ತಿದ್ದೇನೆ. ಏನನ್ನೂ ಕೇಳದೆ ನೆರಳಲ್ಲಿ ಕೂತು ಹೋದವನು ಆ ಊರಿಗೆ ಬುಕಾನನ್‌ಗಿಂತ, ವಾರೆನ್‌ಗಿಂತ ಹಗುರ. ಊರನ್ನು ಉಪಯೋಗಿಸಿಕೊಳ್ಳದೆ ಊರಿನಲ್ಲಿರುವುದೂ ಒಂದು ಗೌರವ. ನಮ್ಮ ಹರಿದಾಸರು ಇದಕ್ಕೆ ಮಧುಕರ ವೃತ್ತಿ ಎಂಬ ಒಳ್ಳೆಯ ಮಾತು ಇಟ್ಟುಕೊಂಡಿದ್ದರು. ಜೇನು ಪ್ರತಿ ಹೂವಿನಿಂದಲೂ ಚೂರು ಚೂರು ತೆಗೆದುಕೊಳ್ಳುತ್ತದೆ, ಹೂವು ಬಾಡುವುದಿಲ್ಲ. ದಾಸ ಮನೆಮನೆಯಿಂದ ಒಂದು ಹಿಡಿ ತೆಗೆದುಕೊಳ್ಳುತ್ತಾನೆ, ಯಾವ ಮನೆಯ ಮಡಕೆಯೂ ಬರಿದಾಗುವುದಿಲ್ಲ. ವ್ಯಾಸರಾಯರಿಗೆ ಪಾಠ ಹೇಳಿದ ಶ್ರೀಪಾದರಾಜರ ಮುಳಬಾಗಿಲಿನಲ್ಲಿ ಈ ಮಾತು ನೆನಪಾಗುವುದು ಸಹಜ. ಅದೇ ಊರಿನಲ್ಲಿ ಹೈದರ್ ವಲಿ ದರ್ಗಾ ಇದೆ, ಎಲ್ಲ ಜಾತಿ ಮತದವರೂ ಹೋಗುತ್ತಾರೆ. ಅತಿಥಿಯ ಹಕ್ಕು ಮೂರು ದಿನ, ಆಮೇಲೆ ಕೊಡುವುದು ದಾನ ಎಂಬ ಪ್ರವಾದಿಯ ಮಾತನ್ನು ಮುಸ್ಲಿಂ ಮನೆಗಳಲ್ಲಿ ಇವತ್ತಿಗೂ ಹೇಳುತ್ತಾರೆ. ಎರಡೂ ಪರಂಪರೆಗಳು ಬೇರೆ ಬೇರೆ ಬಾಯಲ್ಲಿ ಒಂದು ಅಳತೆಯನ್ನು ಹೇಳುತ್ತಿವೆ. ಬರುವುದಕ್ಕೆ ಅಡ್ಡಿಯಿಲ್ಲ, ಭಾರವಾಗುವುದಕ್ಕೆ ಮಿತಿಯಿದೆ.

ತನ್ನೂರು ಕ್ಯೋನಿಗ್ಸ್‌ಬರ್ಗನ್ನು ಬಿಟ್ಟು ಹೆಚ್ಚು ದೂರ ಹೋಗದ ಇಮ್ಯಾನುಯೆಲ್ ಕಾಂಟ್ ಕೂಡ ಈ ಮಿತಿಯ ಬಗ್ಗೆ ಯೋಚಿಸಿದ್ದ. 1795ರಲ್ಲಿ ಶಾಶ್ವತ ಶಾಂತಿಯ ಬಗ್ಗೆ ಬರೆದ ಪುಟ್ಟ ಗ್ರಂಥದಲ್ಲಿ ಅವನು, ಪರಸ್ಥಳದವನಿಗೆ ಬಂದು ಹೋಗುವ ಹಕ್ಕಿದೆ, ಉಳಿಸಿಕೊಳ್ಳಿ ಎಂದು ಕೇಳುವ ಹಕ್ಕಿಲ್ಲ ಎಂದು ವಾದಿಸಿದ. ಭೂಮಿ ದುಂಡಗಿದೆ, ಜನ ಎಷ್ಟು ಚದುರಿದರೂ ಕೊನೆಗೆ ಒಬ್ಬರಿಗೊಬ್ಬರು ಎದುರಾಗಲೇಬೇಕು, ಆದ್ದರಿಂದ ಬಂದವನನ್ನು ಶತ್ರುವೆಂದು ಕಾಣಬಾರದು ಎಂಬುದು ಅವನ ತರ್ಕ. ಇದು ದಯೆಯ ಮಾತಲ್ಲ, ಹಕ್ಕಿನ ಮಾತು ಎಂದು ಒತ್ತಿ ಹೇಳಿದ. ಅದೇ ಜಾಗದಲ್ಲಿ ಯುರೋಪಿನ ವ್ಯಾಪಾರಿ ದೇಶಗಳಿಗೆ 'ಭೇಟಿ ಕೊಡುವುದು' ಎಂದರೆ 'ಗೆಲ್ಲುವುದು' ಎಂದೇ ಅರ್ಥವಾಗಿದೆ ಎಂದು ಹಿಂದೂಸ್ಥಾನದ ಉದಾಹರಣೆ ಕೊಟ್ಟು ಬಯ್ದ. ಅವನು ಹಾಗೆ ಬರೆದ ಐದೇ ವರ್ಷಕ್ಕೆ ಬುಕಾನನ್ ಕೋಲಾರದಲ್ಲಿದ್ದ.

ಕಾಂಟ್‌ನ ಹಕ್ಕಿನ ಮಾತು ನನಗೆ ಹಿಡಿಸುತ್ತದೆ, ಏಕೆಂದರೆ ಅದು "ಯಾರ ಪೈಕಿ?" ಎಂದು ಕೇಳುವುದಿಲ್ಲ. ಆದರೆ ಅದು ಬರುವವನಿಗೆ ಏನು ಸಿಗಬೇಕು ಎಂದು ಹೇಳುತ್ತದೆಯೇ ಹೊರತು, ಸಿಕ್ಕಿದ ಮೇಲೆ ಅವನು ಏನು ಮಾಡಬೇಕು ಎಂದು ಹೇಳುವುದಿಲ್ಲ. ಈ ಪ್ರಶ್ನೆಗೆ ಹೊಸ ಕಾಲದ ಒಂದು ಉತ್ತರ ಬುಕಾನನ್ ಓದಿದ ಎಡಿನ್‌ಬರ್ಗಿನಿಂದಲೇ ಬಂದಿದೆ. ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋದ ನಮ್ಮ ಕಡೆಯ ತಂದೆತಾಯಿಗಳು ಈಗ ಅಲ್ಲಿಗೂ ಎರಡು ಮೂರು ದಿನ ಹೋಗಿ ಕೋಟೆ ನೋಡಿಕೊಂಡು, ಬೆಂಚಿನ ಮೇಲೆ ಕೂತು ಬರುತ್ತಾರೆ. ಹೀಗೆ ಬರುವವರ ಸಂಖ್ಯೆ ವಿಪರೀತವಾದಾಗ ಸ್ಕಾಟ್ಲೆಂಡಿನ ಸಂಸತ್ತು 2024ರಲ್ಲಿ ಒಂದು ಕಾನೂನು ಮಾಡಿ, ತಂಗುವವರ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಸ್ಥಳೀಯ ಆಡಳಿತಗಳಿಗೆ ಕೊಟ್ಟಿತು. ಎಡಿನ್‌ಬರ್ಗಿನ ನಗರಾಡಳಿತ 2026ರ ಜುಲೈ 24ರಿಂದ ರೂಮಿನ ಬಾಡಿಗೆಯ ಮೇಲೆ ಶೇಕಡಾ 5ರಷ್ಟು, ಹೆಚ್ಚೆಂದರೆ ಐದು ರಾತ್ರಿಗಳವರೆಗೆ, ವಸೂಲು ಮಾಡುವುದೆಂದು ತೀರ್ಮಾನಿಸಿತು. ತಂಗುವವನು ಲಾಡ್ಜಿಗೆ ಮಾತ್ರವಲ್ಲ, ಊರಿಗೂ ಸಾಲಗಾರ ಎಂಬ ಮಾತನ್ನು ಕಾನೂನು ಒಪ್ಪಿಕೊಂಡಂತಾಯಿತು. ಇದು ಸಣ್ಣ ಸಂಗತಿಯಲ್ಲ.

ಆದರೆ ಆ ಉತ್ತರ ಎಡಿನ್‌ಬರ್ಗಿಗೆ ಹೊಂದುವಷ್ಟು ಕೋಲಾರಕ್ಕೆ ಹೊಂದುವುದಿಲ್ಲ. ಅಲ್ಲಿನ ಕಷ್ಟ ಬರುವವರು ಹೆಚ್ಚಾದದ್ದು. ಇಲ್ಲಿನ ಕಷ್ಟ ಎಲ್ಲರೂ ದಾಟಿಕೊಂಡು ಹೋಗುವುದು. ಮಸೂದೆಯಲ್ಲಿ ಬರೆಯಲಾಗದ ಇನ್ನೊಂದು ತೊಡಕೂ ಇದೆ. ಅಂತರಗಂಗೆಯ ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರ ಜೊತೆ ಮಾತಾಡುತ್ತಾ, ನಿಮ್ಮೂರಿನ ನೀರಿಗೆ ನಮ್ಮಂಥವರೂ ಪಾಲುದಾರರಾಗುತ್ತೇವಲ್ಲ ಎಂದೆ. ಅವರು ನಕ್ಕರು. "ನೀವು ಬಂದ್ರಿ, ಕೂತ್ರಿ, ಒಂದು ಬೊಗಸೆ ಕುಡಿದ್ರಿ. ಅದರಾಗೆ ನಮ್ಮದೇನು ಹೋಯ್ತು ಸ್ವಾಮಿ? ಬಸವಣ್ಣ ನಿಮ್ಮನ್ನ ಕೇಳ್ತಾನಾ, ನಮ್ಮನ್ನ ಕೇಳ್ತಾನಾ?" ಎಂದರು.

ಅವರ ಮಾತನ್ನು ಹಾಗೇ ತೆಗೆದುಕೊಂಡರೆ ನನ್ನ ಪ್ರಶ್ನೆ ಅಲ್ಲಿಗೆ ಮುಗಿಯಬೇಕು. ಸಾಲ ಕೊಟ್ಟವನೇ ಸಾಲವಿಲ್ಲ ಎಂದಮೇಲೆ ಇನ್ನೇನು? ಆದರೆ ಇದೊಂದು ವಿಚಿತ್ರ ಬಗೆಯ ಸಾಲ. "ಏನೂ ಕೊಡಬೇಕಾಗಿಲ್ಲ" ಎಂದು ಹೇಳುವ ಹಕ್ಕು ಇರುವುದು ಮನೆಯವನಿಗೆ. ಅದೇ ಮಾತನ್ನು ಬಂದವನು ಆಡಿದರೆ ಅರ್ಥವೇ ಬೇರೆಯಾಗುತ್ತದೆ. ಉಂಡೆದ್ದ ನೆಂಟನಿಗೆ ಮನೆಯಾಕೆ "ಏನು ಮಹಾ ಮಾಡಿದೆವು, ಬರೀ ಅನ್ನ ಸಾರು" ಎನ್ನುತ್ತಾಳೆ. ನೆಂಟ "ಹೌದು, ಬರೀ ಅನ್ನ ಸಾರು" ಎಂದರೆ ಹೇಗಿರುತ್ತದೆ? ಇಬ್ಬರೂ ಹೇಳಿದ್ದು ಒಂದೇ ವಾಕ್ಯ. ಆಕೆಯ ಬಾಯಲ್ಲಿ ಅದು ಔದಾರ್ಯ, ಇವನ ಬಾಯಲ್ಲಿ ಅದು ಒರಟುತನ. ಹಿರಿಯರ ನಗು ನನ್ನ ಋಣವನ್ನು ಅಳಿಸಲಿಲ್ಲ. ಅದನ್ನು ತನಗೆ ತೀರಿಸಬೇಕಾಗಿಲ್ಲ ಎಂದು ಹೇಳಿತು. ಹಾಗಾದರೆ ಯಾರಿಗೆ ತೀರಿಸಬೇಕು?

ನಮ್ಮ ಊರುಗಳ ಅರವಟ್ಟಿಗೆ ಇದಕ್ಕೆ ಉತ್ತರ ಕೊಡುತ್ತದೆ ಎಂದು ನನಗನ್ನಿಸುತ್ತದೆ. ಬೇಸಿಗೆಯಲ್ಲಿ ದಾರಿಯ ಪಕ್ಕ ಚಪ್ಪರ ಹಾಕಿ, ಮಡಕೆಯಲ್ಲಿ ನೀರು, ನೀರುಮಜ್ಜಿಗೆ ಇಟ್ಟು ದಾರಿಹೋಕರಿಗೆ ಕೊಡುವುದು. ಕುಡಿದವನು ಇಟ್ಟವನಿಗೆ ಏನೂ ಕೊಡುವುದಿಲ್ಲ. ಇಟ್ಟವನಿಗೆ ಕುಡಿದವನ ಹೆಸರು ಗೊತ್ತಿರುವುದಿಲ್ಲ. ಕುಡಿದವನು ಋಣ ತೀರಿಸಬೇಕೆಂದಿದ್ದರೆ ತನ್ನ ಊರಿನ ದಾರಿಯಲ್ಲಿ ಇನ್ನೊಬ್ಬ ಅಪರಿಚಿತನಿಗೆ ಮಡಕೆ ಇಡಬೇಕು. ಋಣ ಹಿಂದಕ್ಕೆ ಹೋಗುವುದಿಲ್ಲ, ಮುಂದಕ್ಕೆ ಹೋಗುತ್ತದೆ. ಕೆರೆ ಕಟ್ಟಿದವರೂ ಹೀಗೆಯೇ. ಅವರ ಕೆರೆಯ ನೀರು ಕುಡಿದವರಲ್ಲಿ ಬಹುಪಾಲು ಜನ ಅವರು ಸತ್ತಮೇಲೆ ಹುಟ್ಟಿದವರು. ಶ್ರೀನಿವಾಸಪುರದ ಹಳೆಯ ಹೆಸರು ಪಾಪನಪಲ್ಲಿ. ತಿರುಪತಿ ಯಾತ್ರೆಯಿಂದ ಮರಳುವಾಗ ದಿವಾನ್ ಪೂರ್ಣಯ್ಯ ತನ್ನ ಮಗ ಶ್ರೀನಿವಾಸಮೂರ್ತಿಯ ಹೆಸರನ್ನು ಅದಕ್ಕಿಟ್ಟ ಎಂದು ಗೆಜೆಟಿಯರ್ ಹೇಳುತ್ತದೆ. ದೊರೆಗಳು, ದಿವಾನರು ದಾರಿಯಲ್ಲಿ ಸಿಕ್ಕ ಊರಿಗೆ ಹೆಸರು ಬಿಟ್ಟುಹೋಗಬಹುದು. ನಮ್ಮಂಥವರು ಹೆಸರು ಬಿಟ್ಟುಹೋಗಬೇಕಾಗಿಲ್ಲ. ಸಿಕ್ಕಿದ್ದನ್ನು ಹೊತ್ತುಕೊಂಡು ಹೋಗಿ ನಮ್ಮೂರಿನಲ್ಲಿ ಇನ್ನೊಬ್ಬರಿಗೆ ಕೊಡಬೇಕು.

ಇಲ್ಲಿಗೆ ಪ್ರಶ್ನೆ ಕೋಲಾರವನ್ನು ಬಿಟ್ಟು ಬೆಂಗಳೂರಿಗೆ ಬರುತ್ತದೆ. ಅಲ್ಲಿಂದ ಇಲ್ಲಿಗೆ ಬರುವವರು ಯಾರು? ಗಣಿ ಮುಚ್ಚಿದಮೇಲೆ ಕೆಜಿಎಫ್‌ನ ಸಾವಿರಾರು ಜನ ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಬರುತ್ತಾರೆ, ರಾತ್ರಿ ಅದೇ ದಾರಿಯಲ್ಲಿ ಮರಳುತ್ತಾರೆ. ಬಂಗಾರಪೇಟೆ, ಮಾಲೂರು ದಾಟುವಷ್ಟರಲ್ಲಿ ಬೋಗಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಾಸ್ತಿಯವರು ಹುಟ್ಟಿದ್ದು ಮಾಲೂರು ತಾಲ್ಲೂಕಿನಲ್ಲಿ, ಡಿವಿಜಿ ಹುಟ್ಟಿದ್ದು ಮುಳಬಾಗಿಲಿನಲ್ಲಿ. ಇಬ್ಬರೂ ಇದೇ ದಿಕ್ಕಿನಿಂದ ಬೆಂಗಳೂರಿಗೆ ಬಂದು ನೆಲೆಸಿದವರು, ಕನ್ನಡಕ್ಕೆ ಅವರು ಕೊಟ್ಟದ್ದನ್ನು ಮತ್ತೆ ಹೇಳಬೇಕಾಗಿಲ್ಲ. ಹೆಸರಿಲ್ಲದೆ ಬರುವವರು ಕೊಟ್ಟದ್ದನ್ನು ಮಾತ್ರ ಯಾರೂ ಹೇಳುವುದಿಲ್ಲ. ಮಾಲೂರಿನ ಹೆಂಚು ಇಲ್ಲಿನ ಹಳೆಯ ಮನೆಗಳ ಮೇಲಿದೆ, ಮಾಲೂರಿನ ಇಟ್ಟಿಗೆ ಹೊಸ ಮನೆಗಳ ಗೋಡೆಯೊಳಗಿದೆ. ಟೊಮೇಟೊ, ಸೊಪ್ಪಿನ ಗಾಡಿಗಳು ನಡುರಾತ್ರಿ ಮಾರುಕಟ್ಟೆಗೆ ಬರುತ್ತವೆ. ತಂದವರು ಬೆಳಕು ಹರಿಯುವವರೆಗೆ ಮೂಟೆಯ ಮೇಲೆಯೇ ಒರಗಿರುತ್ತಾರೆ.

ಇವರದ್ದೂ ಅಲ್ಪಾವಧಿಯ ವಾಸವೇ. ನಾನು ಕೋಲಾರದಲ್ಲಿ ಕಳೆದ ಗಂಟೆಗಳಿಗಿಂತ ಎಷ್ಟೋ ಪಾಲು ಹೆಚ್ಚು ಗಂಟೆಗಳನ್ನು ಅವರು ಬೆಂಗಳೂರಿನಲ್ಲಿ ಕಳೆದಿದ್ದಾರೆ. ವ್ಯತ್ಯಾಸ ಇಷ್ಟೇ. ಅವರಲ್ಲಿ ಯಾರೂ ಬೆಂಗಳೂರಿನಲ್ಲಿ ನಿರುಮ್ಮಳವಾಗಿ ಕೂತದ್ದನ್ನು ನಾನು ಕಂಡಿಲ್ಲ. ಕೂರುವುದಾದರೂ ಎಲ್ಲಿ? ಇಲ್ಲಿನ ಅನೇಕ ಪಾರ್ಕುಗಳಿಗೆ ವರ್ಷಗಟ್ಟಲೆ ನಡುಮಧ್ಯಾಹ್ನವೇ ಬೀಗ ಬೀಳುತ್ತಿತ್ತು. ಬಿಸಿಲು ಹೊತ್ತಿನಲ್ಲಿ ಪಾರ್ಕು ಬೇಕಾಗುವುದು ಮನೆ ದೂರ ಇರುವವನಿಗೆ. ಅಂಗಡಿಗಳ ಮುಂದಿನ ಕಟ್ಟೆಯ ಮೇಲೆ ಯಾರೂ ಕೂರದ ಹಾಗೆ ಕಬ್ಬಿಣದ ಮೊಳೆ ನೆಟ್ಟಿರುತ್ತಾರೆ. ಮಾರುಕಟ್ಟೆಗೆ ಸೊಪ್ಪು ತಂದ ಹೆಂಗಸು ಶೌಚಾಲಯಕ್ಕೆ ಎಲ್ಲಿಗೆ ಹೋಗುತ್ತಾಳೆ ಎಂಬುದನ್ನು ನಗರ ಕೇಳಿಕೊಂಡದ್ದು ಅಪರೂಪ. ಹೋಟೆಲಿನಲ್ಲಿ ಕಾಫಿ ಕುಡಿದು ಐದು ನಿಮಿಷ ಹೆಚ್ಚು ಕೂತರೆ ಮೇಜು ಒರೆಸುವವನು ಬಂದು ನಿಲ್ಲುತ್ತಾನೆ.

ಗಡಿಯ ಆಚೆಗೂ ಇದೇ ಕಥೆ. ನಾನು ಮುಳಬಾಗಿಲು ದಾಟಿ ಆಂಧ್ರಕ್ಕೆ ಹೋದ ಆ ಜೂನಿನಲ್ಲೇ ಚಿತ್ತೂರಿನ ಜಿಲ್ಲಾಡಳಿತ ಕರ್ನಾಟಕದ ತೋತಾಪುರಿ ಮಾವು ತಮ್ಮ ಜಿಲ್ಲೆಯ ತಿರುಳು ಕಾರ್ಖಾನೆಗಳಿಗೆ ಬರಬಾರದೆಂದು ತಡೆ ಹಾಕಿತ್ತು. ಅಲ್ಲಿನ ರೈತರಿಗೂ ಬೆಲೆ ಬಿದ್ದಿತ್ತು, ಅವರನ್ನೂ ದೂಷಿಸುವಂತಿಲ್ಲ. ಶ್ರೀನಿವಾಸಪುರದಲ್ಲಿ ಪ್ರತಿಭಟನೆ, ಬಂದ್ ನಡೆದವು, ಇಲ್ಲಿನ ಮುಖ್ಯಮಂತ್ರಿ ಅಲ್ಲಿನ ಮುಖ್ಯಮಂತ್ರಿಗೆ ಪತ್ರ ಬರೆದರು. ಮದುವೆಯ ಊಟಕ್ಕೆ ಹೊರಟ ನನ್ನ ಬಸ್ಸನ್ನು ಯಾರೂ ತಡೆಯಲಿಲ್ಲ. ಸುಮ್ಮನೆ ಹೋಗುವವನಿಗೆ ತೆರೆದಿದ್ದ ದಾರಿ ಬದುಕಿಗಾಗಿ ಹೋಗುವವನಿಗೆ ಮುಚ್ಚಿತ್ತು.

ಆದ್ದರಿಂದ ಅಲ್ಪಾವಧಿಯ ನೆಮ್ಮದಿಯ ಬಗ್ಗೆ ನನ್ನ ತೀರ್ಮಾನ ಹೀಗಿದೆ. ಅದು ಪಾಪವಲ್ಲ. ದುಡಿದವನು ಎರಡು ದಿನ ಸುಮ್ಮನೆ ಕೂರುವುದಕ್ಕೆ ಯಾರ ಕ್ಷಮೆಯನ್ನೂ ಕೇಳಬೇಕಾಗಿಲ್ಲ. ಕೂತ ಊರಿನಲ್ಲಿ ಗಂಟೆಗೊಂದು ಗುಡಿಯಂತೆ ಓಡಾಡಬೇಕಾಗಿಯೂ ಇಲ್ಲ. ಆದರೆ ಆ ನೆಮ್ಮದಿ ಎರವಲು ತಂದದ್ದು. ಎರವಲು ಎಂಬುದಕ್ಕೆ ಗುರುತು, ಅದು ಅಲ್ಲಿನವರಿಗೆ ನನ್ನೂರಿನಲ್ಲಿ ಸಿಗುತ್ತದೆಯೇ ಎಂದು ಕೇಳಿದಾಗ ನನ್ನ ಬಾಯಿ ಕಟ್ಟುವುದು. ಕೋಲಾರದ ಹುಡುಗನೊಬ್ಬ ಬೆಂಗಳೂರಿಗೆ ಬಂದು, ಯಾವ ಕೆಲಸವೂ ಇಲ್ಲದೆ, ಯಾರ ಅನುಮಾನದ ಕಣ್ಣಿಗೂ ಬೀಳದೆ, ಒಂದು ಮಧ್ಯಾಹ್ನ ನೆರಳಿನಲ್ಲಿ ಕೂತು, ಒಂದು ಲೋಟ ಒಳ್ಳೆಯ ನೀರು ಕುಡಿದು ಹೋಗುವಂತಾದರೆ ಲೆಕ್ಕ ಸ್ವಲ್ಪ ಸರಿಹೋಗುತ್ತದೆ.

ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಎಂಬ ಸಾಂಸ್ಕೃತಿಕ ಕೇಂದ್ರವಿದೆ. ಅಲ್ಲಿ ಹುಣ್ಣಿಮೆ ರಾತ್ರಿಗಳಲ್ಲಿ ಹಾಡು, ನಾಟಕ ಏರ್ಪಡಿಸುವುದನ್ನು ರೂಢಿ ಮಾಡಿಕೊಂಡಿದ್ದರು. ಅದಕ್ಕೆ 'ಹುಣ್ಣಿಮೆ ಹಾಡು' ಎಂದು ಹೆಸರು. ಸುತ್ತಲ ಹಳ್ಳಿಯವರೂ ಬರುತ್ತಿದ್ದರು, ಬೆಂಗಳೂರಿನವರೂ ಹೋಗಿ ಬಂಡೆಯ ಮೇಲೆ ಕೂತು ಕೇಳುತ್ತಿದ್ದರು. ಬಡ ಜಿಲ್ಲೆಯ ಜನ ಬೆಳದಿಂಗಳನ್ನು ಎಲ್ಲರ ಪಾಲಿಗೆ ಹೀಗೆ ತೆರೆದಿಡಬಲ್ಲರು. ನಮ್ಮ ಬಡಾವಣೆಯ ಸಂಘದ ಮುಂದಿನ ಸಭೆಯಲ್ಲಿ ಎರಡು ವಿಷಯ ಇಡಬೇಕೆಂದು ಬರೆದುಕೊಂಡಿದ್ದೇನೆ. ಗೇಟಿನ ಹೊರಗಿನ ಹೊಂಗೆಮರದ ಕೆಳಗೆ ಒಂದು ಕಲ್ಲುಬೆಂಚು, ಅದರ ಪಕ್ಕ ಬೀಗವಿಲ್ಲದ ಒಂದು ನಲ್ಲಿ. ಯಾರು ಬೇಕಾದರೂ ಬಂದು ಕೂರುತ್ತಾರೆ ಎಂದು ಕೆಲವರು ಆಕ್ಷೇಪಿಸುತ್ತಾರೆ, ಗೊತ್ತು. ಯಾರು ಬೇಕಾದರೂ ಬಂದು ಕೂರಲಿ ಎಂದೇ ಅದನ್ನು ಕೇಳುತ್ತಿರುವುದು.